ಪಾವಡಿಯಲ್ಲಿ ಒಂದು ಗಂಟೆ

ತೊಂಬತ್ತರ ದಶಕದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ಓದು ಮುಗಿಸಿ ಬಂದಾಗ, ತಮಿಳು ಸೀಮೆಯ ತಾರಮಂಗಲಂ ಹತ್ತಿರ, ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಒಂದು ವರ್ಷ ಅಲ್ಲಿ ಏನು ಓದಿದೆ? ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಅಂದೆ. ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಬೀದಿಗೆಲ್ಲ ಯಜಮಾನರು. ಅವರು ಜಗಲಿ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಿಲ್ಲಿಗೆ ಮ್ಯಾನೇಜರ್ ಅವ್ನೆ, ಬ್ಯಾಂಕಿಗೂ ಅವ್ನೆ. ವಿಳಯಾಟಕ್ಕೂ ಮ್ಯಾನೇಜರ್ ಬೇಕಾ ತಾಯಿ?"

ನಾನು ನಗಲಿಲ್ಲ. ವಾಲಿಬಾಲ್ ಆಡಿಯೇ ಕಾಲೇಜಿನಲ್ಲಿ ಸೀಟು ಪಡೆದವಳು, ಆಟದ ಹೆಸರಿನಲ್ಲೇ ಸ್ಕಾಲರ್‌ಶಿಪ್ ಸಿಕ್ಕಿ ವಿಮಾನ ಹತ್ತಿದವಳು. ಮದ್ರಾಸಿನ ಕಚೇರಿಗಳಿಗೆ ಅರ್ಜಿ ಹಾಕಿದೆ. ಒಂದು ಕಡೆ ಗುಮಾಸ್ತ ನನ್ನ ಸರ್ಟಿಫಿಕೇಟನ್ನು ತಿರುವಿ, ಖಾಲಿ ಇದ್ದ ಹಿಂಬದಿಯನ್ನೂ ನೋಡಿ, ವಾಪಸ್ಸು ಕೊಟ್ಟ. ಕೆಲಸ ಸಿಗುವವರೆಗೆ ಕೈಕಟ್ಟಿ ಕೂರುವುದೇಕೆ ಎಂದು ಬೀದಿಯ ಹೆಣ್ಣುಮಕ್ಕಳಿಗೆ ವಾಲಿಬಾಲ್ ಕಲಿಸಲು ಹೊರಟೆ. ಸಮಾಜಸೇವೆ ಎಂಬ ದೊಡ್ಡ ಮಾತು ಆಗ ನನ್ನ ತಲೆಯಲ್ಲಿರಲಿಲ್ಲ. ಸಿಟ್ಟಿತ್ತು, ಅಷ್ಟೆ.

ಜಾಗ ಅಂತ ಇದ್ದದ್ದು ಪಾವಡಿ ಒಂದೇ. ಮಗ್ಗಕ್ಕೆ ಏರಿಸುವ ಉದ್ದನೆಯ ನೂಲಿಗೆ ನಮ್ಮಲ್ಲಿ ಪಾವು ಅನ್ನುತ್ತೇವೆ. ಬೆಳಿಗ್ಗೆ ಬಿಸಿಲೇರುವ ಮೊದಲು ಅದನ್ನು ಕೋಲುಗಳ ಮೇಲೆ ಬಿಗಿದು, ಗಂಜಿ ಸವರಿ, ಕುಂಚದಿಂದ ತಿಕ್ಕಿ ಒಣಗಿಸುವ ಬಯಲೇ ಪಾವಡಿ. ಹಾಸಿದ ಪಾವನ್ನು ಯಾರೂ ದಾಟುವುದಿಲ್ಲ, ನಾಯಿ ಬಂದರೂ ಹತ್ತು ಜನ ಕೂಗುತ್ತಾರೆ. ಇದೆಲ್ಲ ನೋಡುತ್ತಲೇ ಬೆಳೆದವಳು ನಾನು. ಆದರೂ ಒಂದು ಸಂಜೆ, ಓದಿದ ಜಂಬದಲ್ಲಿ, ಅಳತೆಪಟ್ಟಿ ಹಿಡಿದು ಪಾವಡಿಯ ನಟ್ಟನಡುವೆ ಸುಣ್ಣದ ಪುಡಿಯಿಂದ ಕೋರ್ಟು ಎಳೆದೆ. ಗೆರೆ ಎಷ್ಟು ನೇರವಾಗಿತ್ತೆಂದರೆ ನಾನೇ ನಿಂತು ಮೆಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಗಾಳಿ ಬೀಸಿತು. ಗಂಜಿ ಹಸಿಯಾಗಿದ್ದ ಕೆಂಪು ಪಾವಿಗೆ ಸುಣ್ಣ ಹಾರಿ ಅಂಟಿಕೊಂಡಿತು. ಒಣಗಿದ ಮೇಲೆ ಬಿಳಿ ಕಲೆ, ಮುಟ್ಟಿದರೆ ಮರಳು ಮರಳು. ಆ ಪಾವು ಕೊನೆ ಮನೆಯ ಅಜ್ಜಿಯದು, ನೇಯಬೇಕಾದವನು ಅವಳ ಮಗ. ದೊಡ್ಡಪ್ಪ ಎಲ್ಲರೆದುರು ಅಂದರು: "ಇನ್ಮೇಲೆ ನೀನು ಪಾವಡಿ ಕಡೆ ಕಾಲಿಕ್ಕಬ್ಯಾಡ." ಮಾಡಿದ್ದುಣ್ಣೋ ಮಾರಾಯ.

ಕ್ಷಮೆ ಕೇಳಲು ಅಜ್ಜಿಯ ಮನೆಗೆ ಹೋದೆ. ಅವಳು ಮುಖವೆತ್ತಿ ನೋಡಲೇ ಇಲ್ಲ.

"ಮನ್ನಿಪ್ಪು ಗಿನ್ನಿಪ್ಪು ನಂಗೆ ಬ್ಯಾಡ. ಮಗ್ಗದ ಪಕ್ಕ ಕೂತ್ಕ. ಎಳೆ ಕಿತ್ತೋದಂಗೆಲ್ಲ ಕಟ್ಟು."

ಕೂತೆ. ಆ ಪಾವು ಮುಗಿಯುವವರೆಗೂ ದಿನಾ ಹೋಗಿ ಕೂತೆ. ಸುಣ್ಣ ಹಿಡಿದ ಕಡೆಯೆಲ್ಲ ಎಳೆ ಪಟಪಟನೆ ಕಡಿಯುತ್ತಿತ್ತು, ಅವಳ ಮಗ ಲಾಳಿ ನಿಲ್ಲಿಸಿ ನನ್ನನ್ನು ನೋಡುತ್ತಿದ್ದ. ಬೈದಿದ್ದರೆ ವಾಸಿಯಿತ್ತು.

ಆ ಮನೆಯಲ್ಲೇ ಇದ್ದಳು ಅಜ್ಜಿಯ ಮೊಮ್ಮಗಳು, ಬೀದಿಗೇ ಎತ್ತರದ ಹುಡುಗಿ. ಆಡಲು ಕರೆದಾಗಲೆಲ್ಲ "ಬತ್ತೀನಕ್ಕ" ಅಂದು ಬಾರದೇ ಇದ್ದವಳು. ಅವಳಂಥವರ ಬಗ್ಗೆ ನಾನು ನೋಟುಪುಸ್ತಕದಲ್ಲಿ 'ಆಸಕ್ತಿಯ ಕೊರತೆ' ಎಂದು ಬರೆದಿಟ್ಟಿದ್ದೆ. ಈಗ ಕಣ್ಣಾರೆ ಕಂಡೆ: ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಅವಳು ರಾಟೆಯ ಮುಂದೆ ಬೆನ್ನು ಬಗ್ಗಿಸಿ, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕಂಡಿಕೆ ತಡವಾದರೆ ಮಗ್ಗ ನಿಲ್ಲುತ್ತದೆ, ಮಗ್ಗದ ಗುಂಡಿಯಿಂದ ಅವಳಪ್ಪ ಕೂಗುತ್ತಾನೆ. ಬೀದಿಯ ಎಲ್ಲ ಹುಡುಗಿಯರದೂ ಇದೇ ಪಾಡು. ನಾನೂ ಹನ್ನೆರಡು ವರ್ಷದವರೆಗೆ ಸುತ್ತಿದವಳೇ. ಅದನ್ನು ಹೇಗೆ ಮರೆತೆನೋ! ನೋಟುಪುಸ್ತಕದ ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ.

ಆಮೇಲೆ ಚೆಂಡನ್ನು ಅಟ್ಟಕ್ಕೆ ಹಾಕಿ ಮನೆಮನೆ ಸುತ್ತತೊಡಗಿದೆ. ಸಂಜೆ ನಾಲ್ಕರಿಂದ ಐದರವರೆಗೆ ಮನೆಯ ದೊಡ್ಡ ಹೆಂಗಸರು ಸರದಿಯಲ್ಲಿ ರಾಟೆಗೆ ಕೂರಬೇಕು, ಹುಡುಗಿಯರನ್ನು ಬಿಡಬೇಕು. ಇಷ್ಟೇ ನಾನು ಕೇಳಿದ್ದು. ಒಂದು ಮನೆಯಲ್ಲಿ ಅತ್ತೆಗೆ ಮಂಡಿನೋವು, ಇನ್ನೊಂದರಲ್ಲಿ "ನಾಳೆಕ್ಕಿ ಪಾಪ್ಪೋಂ", ನಾಳೆ ನೋಡೋಣ ಎಂಬ ತಮಿಳು ಸಬೂಬು. ಒಪ್ಪಿದವರು ಮಾರನೆಯ ದಿನ ಒಪ್ಪಿಲ್ಲ ಅಂದರು. ಆಳು ಸಾಲದ ಮನೆಗಳಲ್ಲಿ ನಾನೇ ರಾಟೆಗೆ ಕೂತೆ, ನನ್ನ ಕಂಡಿಕೆ ಸಡಿಲವೆಂದು ಬೈಸಿಕೊಂಡೆ. ಇದಕ್ಕಾಗಿಯೇ ಸಮುದ್ರ ದಾಟಿ ಓದಿದೆನಾ ಎಂದು ಎಷ್ಟೋ ಸಲ ಹಿತ್ತಲಲ್ಲಿ ನಿಂತು ಅತ್ತಿದ್ದೇನೆ.

ಎರಡು ತಿಂಗಳು ಹೀಗೇ ಕಳೆಯಿತು. ಎಂಟು ಮನೆ ಗಟ್ಟಿಯಾಗಿ ಒಪ್ಪಿದವು. ಉಳಿದದ್ದು ಪಾವಡಿ. ದೊಡ್ಡಪ್ಪನ ಹತ್ತಿರ ಅಜ್ಜಿಯೇ ಹೋದಳು.

"ಆಳಾಗಿದ್ದು ನನ್ ಪಾವು. ನಾನೇ ಬುಟ್ಬುಟ್ಟೆ. ನಿಂದೇನ್ಲಾ?"

ಅವಳಿಗಿಂತ ಚಿಕ್ಕವರಾದ ದೊಡ್ಡಪ್ಪ ತಲೆ ತಗ್ಗಿಸಿದರು. ಸಂಜೆ ಪಾವಡಿ ಹೇಗೂ ಖಾಲಿ. ಒಂದು ಗಂಟೆ ಕೊಟ್ಟರು, ಸುಣ್ಣ ಮಾತ್ರ ಕೂಡದು ಅಂದರು.

ಮೊದಲ ಸಂಜೆ ಹಗ್ಗ ಹಾಸಿ ಗೆರೆ ಮಾಡಿದೆ, ನೆಟ್ ಕಟ್ಟಿದೆ, ಸೀಟಿ ಊದಿದೆ. ಎಂಟು ಹುಡುಗಿಯರು ಬಂದರು. ಬಂದವರು ಚೆಂಡಿನ ಕಡೆ ನೋಡಲೇ ಇಲ್ಲ. ಎತ್ತರದ ಹುಡುಗಿ ಮೊದಲು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ, ನೆಲದ ಮೇಲೆ ಅಂಗಾತ ಮಲಗಿಬಿಟ್ಟರು.

"ಏಳ್ರೇ! ಆಡಕ್ಕೆ ತಾನೇ ಬಂದಿದ್ದು?" ಎಂದು ಕಿರುಚಿದೆ.

"ಚೂರು ಬೆನ್ನು ನೆಟ್ಗೆ ಮಾಡ್ಕೋತೀವಕ್ಕ," ಅಂದಳು ಅವಳು, ಕಣ್ಣು ಮುಚ್ಚಿಕೊಂಡೇ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಎರಡು ತಿಂಗಳು ಕಾಡಿ ಬೇಡಿ ತಂದ ಒಂದು ಗಂಟೆ! ಎಬ್ಬಿಸಲೆಂದು ಬಗ್ಗಿದೆ. ಅವಳ ಬಲಗೈ ಮಲಗಿದ್ದಲ್ಲೇ ರಾಟೆ ತಿರುಗಿಸಿದಂತೆ ಆಡುತ್ತಿತ್ತು. ಸೀಟಿಯನ್ನು ಸೆರಗಿಗೆ ಕಟ್ಟಿಕೊಂಡೆ.

ಅಷ್ಟರಲ್ಲಿ ದೊಡ್ಡಪ್ಪ ನೋಡಲು ಬಂದರು. ಸಾಲಾಗಿ ಮಲಗಿದ್ದವರನ್ನು ಕಂಡು ಹುಬ್ಬೇರಿಸಿದರು.

"ಏನಿದು? ಆಟ ಅಂತ ಯೋಳಿ ಜಾಗ ಇಸ್ಕೊಂಡೆ, ಇವು ಮಲ್ಗವ್ವೆ?"

"ಇದು ಫಾರಿನ್ ಟ್ರೈನಿಂಗ್ ದೊಡ್ಡಪ್ಪ," ಅಂದೆ. "ಅಲ್ಲಿ ಮೊದ್ಲು ಇದನ್ನೇ ಕಲ್ಸೋದು. ನಾನು ಓದಿದ್ದೇ ಇದು."

ಅವರು ತಲೆಯಾಡಿಸಿ, ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟುಹೋದರು. ಹುಡುಗಿಯರಲ್ಲಿ ಇಬ್ಬರು ಆಗಲೇ ಗೊರಕೆ ಹೊಡೆಯುತ್ತಿದ್ದರು. ಐದು ಗಂಟೆಗೆ ಅವರನ್ನೆಲ್ಲ ಎಬ್ಬಿಸಿ ರಾಟೆಗೆ ಕಳಿಸಬೇಕಾದವಳು ನಾನೇ ಆಗಿದ್ದೆ.