ದಾನಿಗಳು ಮಾಡಿದ ಒಂದು ಫೋನು

ವೇದಿಕೆಯ ಮೇಲೆ ನಿಂತ ಕೋಟ್ಯಧೀಶರೊಬ್ಬರು "ಇನ್ನೇನು ಬೇಕು? ಸಂಕೋಚ ಬೇಡ, ಕೇಳಿ" ಅಂದರೆ ನೀವೇನು ಕೇಳುತ್ತೀರಿ? ಆಂಬುಲೆನ್ಸ್? ಹೊಸ ಕಟ್ಟಡ? ನಮ್ಮ ನರಸಮ್ಮ ಕೇಳಿದ್ದೇ ಬೇರೆ, ಮೈಕ್ ಹಿಡಿದು ನಿಂತಿದ್ದ ನಾನೇ ಸಾಕ್ಷಿ. ವಾರ ಕಳೆದರೂ ಆ ಖುಷಿ ಇನ್ನೂ ಇಳಿದಿಲ್ಲ!

ಚಿಂತಾಮಣಿ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ. (ಹೆಸರು ಹೇಳೊಲ್ಲ. ನಾಳೆ ಜ್ವರ ಬಂದರೆ ನಾನೂ ಅಲ್ಲಿಗೇ ಹೋಗಬೇಕು.) ಅದಕ್ಕೆ ಎರಡು ವರ್ಷದ ಹಿಂದೆ ಈ ಸಾಹುಕಾರರು ಸ್ಕ್ಯಾನಿಂಗ್ ಮೆಷಿನ್ ಕೊಡಿಸಿದ್ದರು. ಅಂಬಾಜಿದುರ್ಗದ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಷೇರು, ಸ್ಟಾರ್ಟಪ್ಪು ಅಂತ ಹಣ ಹೂಡಿ ಬೆಳೆದವರು. ಒಳ್ಳೆಯವರೇ. ಆದರೆ ಮೆಷಿನ್ ಬಂತು, ಅದನ್ನು ನಡೆಸುವ ಡಾಕ್ಟರು ಬರಲಿಲ್ಲ. ಪಾಪ, ಅದು ಹೂವಿನ ಬೆಡ್‌ಶೀಟ್ ಹೊದ್ದುಕೊಂಡು ಮೂಲೆಯಲ್ಲೇ ಇತ್ತು. ಅರ್ಜಿ ಕೊಟ್ಟೆವು, ಸಹಿ ಸಂಗ್ರಹಿಸಿದೆವು, ಇದೇ ಅಂಕಣದಲ್ಲಿ ನಾನು ಕೂಗಾಡಿದೆ. ಕೇಳುವವರು ಯಾರು?

ಹೋದ ವಾರ ಸಾಹುಕಾರರು ಮತ್ತೆ ಬಂದರು, ಇಸಿಜಿ ಮೆಷಿನ್ ಕೊಡಲು. ನಿರೂಪಣೆ ನನ್ನದು. ಆಸ್ಪತ್ರೆ ಕಮಿಟಿಯ ಅಧ್ಯಕ್ಷರು ನನ್ನ ಕಿವಿಯಲ್ಲಿ, "ಮೇಡಂ, ದಯವಿಟ್ಟು ರಾಜಕೀಯ ಮಾತ್ರ ಎತ್ತಬೇಡಿ" ಅಂದರು. ಯಾಕೆ ಗೊತ್ತೇ? ಪಕ್ಷಗಳಿಗೆ ದೇಣಿಗೆ ಕೊಟ್ಟವರ ಪಟ್ಟಿ ಆಗಷ್ಟೇ ಪೇಪರಿನಲ್ಲಿ ಬಂದಿತ್ತು. ಆಳುವವರ ಪಟ್ಟಿಯಲ್ಲೂ ಸಾಹುಕಾರರ ಕಂಪನಿ, ವಿರೋಧ ಪಕ್ಷದವರ ಪಟ್ಟಿಯಲ್ಲೂ ಅದೇ ಕಂಪನಿ! ನಾನು ಬಾಯಿ ಮುಚ್ಚಿಕೊಂಡು 'ಕೊಡುಗೈ ದಾನಿ' ಅಂತಷ್ಟೇ ಓದಿದೆ.

ಅವರು "ಇನ್ನೇನು ಬೇಕು?" ಅಂದಿದ್ದೇ ತಡ, ರೇಷ್ಮೆ ನೂಲು ತೆಗೆಯುವ ನರಸಮ್ಮ ಎದ್ದು ನಿಂತರು. ಅವರ ಸೊಸೆ ಏಳು ತಿಂಗಳ ಬಸುರಿ, ಬಿಪಿ ಬೇರೆ. ಪದೇ ಪದೇ ಸ್ಕ್ಯಾನಿಂಗ್ ಆಗಲೇಬೇಕು ಅಂದಿದ್ದಾರೆ. ಪ್ರೈವೇಟಿಗೆ ದುಡ್ಡಿಲ್ಲ. ಸ್ಕ್ಯಾನಿಂಗಿಗೆ ಅಂತ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗೆ ಹೋಗುವಾಗ ಆ ಹುಡುಗಿ ಬಸ್ಸಿನಲ್ಲೇ ತಲೆಸುತ್ತಿ ಬಿದ್ದಿದ್ದಳು.

"ಸಾಮಿ, ಇನ್ನೊಂದು ಮಿಷನ್ ಬ್ಯಾಡ. ಒಂದು ಫೋನ್ ಮಾಡ್ರಪ್ಪ."

"ಯಾರಿಗಮ್ಮ?"

"ದುಡ್ಡು ಕೊಟ್ಟಿದ್ದೀರಲ್ಲ, ಆ ಪಾರ್ಟಿಯೋರಿಗೆ. ಡಾಕ್ಟ್ರನ್ನ ಕಳಿಸಿ ಅಂತ."

ಅಧ್ಯಕ್ಷರು ಟವೆಲ್‌ನಿಂದ ಮುಖ ಒರೆಸಿಕೊಂಡರು. ನಿರೂಪಕಿಯಾಗಿ ನಾನು "ಕೂತ್ಕೊಳಮ್ಮ" ಅನ್ನಬೇಕಿತ್ತು. ಅನ್ನಲಿಲ್ಲ. ಕೆಳಗಿಳಿದು ಹೋಗಿ ಮೈಕನ್ನು ಸೀದಾ ನರಸಮ್ಮನ ಬಾಯಿಗೆ ಹಿಡಿದೆ!

"ಅದೇ ಬೇರೆ, ಇದೇ ಬೇರೆ ಅಮ್ಮ. ಅವರಿಗೆ ಕೊಟ್ಟಿದ್ದು ದೇಶಕ್ಕೆ ಒಳ್ಳೇದಾಗಲಿ ಅಂತ. ನಾನೇನೂ ವಾಪಸ್ ಕೇಳೋನಲ್ಲ" ಅಂದರು ಸಾಹುಕಾರರು.

"ಏಮಪ್ಪಾ, ಯಾರಿಗೆ ಹೇಳ್ತೀರ! ನಮಗೆ ಕೊಟ್ಟಿದ್ದು ದಾನ, ಒಪ್ಕೊಂತೀನಿ. ಅವರಿಗೆ ಕೊಟ್ಟಿದ್ದು ಮುಯ್ಯಿ. ಮುಯ್ಯಿ ಇಸ್ಕೊಂಡೋರು ನಮ್ಮನೆ ಕಾರ್ಯಕ್ಕೆ ಬರ್ಬೇಕಲ್ವಾ? ಈಗ ನಮ್ಮನೇಲಿ ಕಾರ್ಯ ಬಂದೈತೆ."

(ಮದುವೆಯಲ್ಲಿ ಉಡುಗೊರೆ, ದುಡ್ಡು ಅಂತ ಮಾಡಿದ ಮುಯ್ಯಿಯನ್ನು ತಿರುಗಿ ಮಾಡದೆ ನಮ್ಮ ಕಡೆ ತಲೆ ಎತ್ತಿ ಓಡಾಡೋಕಾಗುತ್ತಾ, ನೀವೇ ಹೇಳಿ?)

ಸಾಹುಕಾರರ ಮುಖ ಕೆಂಪಾಯಿತು. ಆಮೇಲೆ ಏನನ್ನಿಸಿತೋ, ಜೋರಾಗಿ ನಕ್ಕುಬಿಟ್ಟರು. ಜೇಬಿನಿಂದ ಫೋನ್ ತೆಗೆದರು. (ಯಾವ ಪಕ್ಷಕ್ಕೆ ಅಂತ ಕೇಳಬೇಡಿ. ಇಬ್ಬರಿಗೂ ಕೊಟ್ಟವರಿಗೆ ನಂಬರಿಗೇನು ಬರ?) ಒಂದೇ ರಿಂಗಿಗೆ ಆ ಕಡೆಯವರು ಎತ್ತಿದರು. "ಅಣ್ಣಾ, ನಮ್ಮೂರ ಆಸ್ಪತ್ರೆಗೊಬ್ಬ ಸ್ಕ್ಯಾನಿಂಗ್ ಡಾಕ್ಟರು ಬೇಕಿತ್ತು..." ಎರಡು ನಿಮಿಷ, ಅಷ್ಟೇ. ಅಬ್ಬಬ್ಬಾ, ಆಮೇಲೆ ಬಿದ್ದ ಚಪ್ಪಾಳೆ, ಶಿಳ್ಳೆ!

ಸೋಮವಾರ ಡಾಕ್ಟರು ಬಂದೇ ಬಂದರು. ವಾರಕ್ಕೆ ಮೂರು ದಿನ ಇರುತ್ತಾರಂತೆ. ನರಸಮ್ಮನ ಸೊಸೆಯದೇ ಮೊದಲ ಸರದಿ. ಪರದೆಯ ಈಚೆ ನಿಂತ ನಮಗೂ ಕೂಸಿನ ಎದೆಬಡಿತ ಕೇಳಿಸಿತು. ಕುದುರೆ ಓಡಿದ ಹಾಗೆ! "ಮಗು ಚೆನ್ನಾಗಿದೆ" ಅಂದರು ಡಾಕ್ಟರು. ನರಸಮ್ಮ ನನ್ನನ್ನು ತಬ್ಬಿಕೊಂಡರು. ನಾನು ಗಳಗಳ ಅತ್ತೆ. ನಾಚಿಕೆ ಏನು ಬಂತು?

ಬಸ್ಸಿನಲ್ಲಿ ವಾಪಸ್ ಬರುವಾಗ ಮಾತ್ರ ಹೊಟ್ಟೆ ಉರಿಯಿತು. ಎರಡು ವರ್ಷದ ಅರ್ಜಿಗೆ ಬಾರದ ಡಾಕ್ಟರು ಎರಡು ನಿಮಿಷದ ಫೋನಿಗೆ ಬಂದರಲ್ಲ! ಸಾಹುಕಾರರು ಕೊಟ್ಟಿದ್ದು ಮುಯ್ಯಿ, ಸರಿ. ಹಾಗಾದರೆ ಬಿಸಿಲಿನಲ್ಲಿ ಕ್ಯೂ ನಿಂತು ನಾವೆಲ್ಲ ಕೊಟ್ಟ ಓಟು ದಾನವೇ?