ಕುಂಟು ಕಾಲಡಿಯ ಕಾದಂಬರಿ

ನಮ್ಮ ಚಿಕ್ಕಪ್ಪನನ್ನು ಬೀದಿಯವರೆಲ್ಲ ಕರೆಯುವುದು 'ಮಂಚದ ಡಾಕ್ಟರು' ಅಂತ. ಹೊಸ ಸಾಮಾನು ಮಾಡುವ ಬಡಗಿಯಲ್ಲ ಅವರು. ಕುಂಟುವ ಮಂಚ, ಅಲ್ಲಾಡುವ ಮೇಜು, ಬಾಗಿಲು ಮುಚ್ಚದ ಬೀರು, ಇವುಗಳ ರಿಪೇರಿಯೇ ಕಸುಬು. ಯಾವ ಮನೆಗೆ ಹೋದರೂ ಮೊದಲು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ಕಾಲುಗಳ ಅಡಿ ನೋಡುತ್ತಾರೆ. ಮೋಟು ಕಾಲಿಗೆ ಜನ ಏನೇನೋ ಒತ್ತು ಕೊಟ್ಟಿರುತ್ತಾರೆ: ಹಂಚಿನ ಚೂರು, ಮಡಚಿದ ರಟ್ಟು, ಹಳೇ ಚಪ್ಪಲಿಯ ಅಟ್ಟೆ. ಅದೃಷ್ಟ ಚೆನ್ನಾಗಿದ್ದರೆ ಒಂದು ಪುಸ್ತಕ.

ಪುಸ್ತಕ ಸಿಕ್ಕ ದಿನ ಚಿಕ್ಕಪ್ಪನಿಗೆ ಕೂಲಿ ಬೇಡ. "ಕಾಲು ಸರಿ ಮಾಡ್ಕೊಡ್ತೀನಿ, ಇದನ್ನ ನಂಗೆ ಕೊಟ್ಬಿಡಿ" ಅನ್ನುತ್ತಾರೆ. ಕೊಡುವವರು ನಗುತ್ತಾರೆ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಳ್ಳೆಯ ಕಥೆಯೊಂದರ ಮೇಲೆ ವರ್ಷಗಟ್ಟಲೆ ಬೀರು ಹೊರಿಸಿದವರು ಜಾಣರು, ಹುಚ್ಚ ಮಾತ್ರ ನಮ್ಮ ಚಿಕ್ಕಪ್ಪ! ಇರಲಿ. ಆ ಪುಸ್ತಕವನ್ನು ಕೊಡವಿ, ಬಿಸಿಲಿಗೆ ಹಾಕಿ, ಸಂಜೆ ಕೈಕಾಲು ತೊಳೆದು ಚಿಕ್ಕಮ್ಮನೆದುರು ಕೂತು ಗಟ್ಟಿಯಾಗಿ ಓದುತ್ತಿದ್ದರು. ಚಿಕ್ಕಮ್ಮನಿಗೆ ಓದು ಬರಹ ಬರದು, ಕೇಳುವ ಆಸೆ ಮಾತ್ರ ಬೆಟ್ಟದಷ್ಟು. ಗೋಡೆಯ ಈಚೆ ನಮ್ಮ ಮನೆ. ಅಕ್ಷರ ಕಲಿಯುವ ಮೊದಲೇ ಆ ಗೋಡೆಗೆ ಕಿವಿಯಿಟ್ಟು ಕಥೆ ಕೇಳಿ ಬೆಳೆದವಳು ನಾನು.

ಒಮ್ಮೆ ಕ್ಷೌರದಂಗಡಿಯ ಬೆಂಚಿನಡಿ ಒಂದು ಕಾದಂಬರಿ ಸಿಕ್ಕಿತು. ರಟ್ಟಿಲ್ಲ, ಹೆಸರಿಲ್ಲ. ತಾಯಿಯಿಲ್ಲದ ತಮ್ಮನನ್ನು ಅಕ್ಕ ಸಾಕುತ್ತಾಳೆ. ಅವನು ಜಗಳವಾಡಿ ಹಡಗು ಹತ್ತಿ ಹೋಗುತ್ತಾನೆ. ಯಾವ ಹಡಗು ಬಂದರೂ ಅವಳು ಬಂದರಿಗೆ ಓಡುತ್ತಾಳೆ. ಕಡೆಗೊಂದು ಹಡಗು ಬರುತ್ತದೆ, ಜನ ಇಳಿಯತೊಡಗುತ್ತಾರೆ, ಅಷ್ಟೇ. ಮುಂದಿನ ಹಾಳೆಗಳಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಗೆದ್ದಲು. ಚಿಕ್ಕಮ್ಮನ ಜೀವ ಆ ಬಂದರಿನಲ್ಲೇ ಸಿಕ್ಕಿಕೊಂಡಿತು. ಬಟ್ಟೆ ಹಿಂಡುವಾಗಲೂ ಅದೇ ಮಾತು.

"ರೀ, ಆ ಹುಡುಗ ಇಳಿದಿರ್ತಾನೆ ಅಲ್ವಾ?"

"ಇಳೀತಾನೆ ಕಣೇ. ಸಾಮಾನು ಜಾಸ್ತಿ ಇತ್ತೇನೋ, ತಡ ಆಗಿದೆ."

ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಚಿಕ್ಕಮ್ಮನ ಎರಡೂ ಕಿವಿ ಹೋದವು. ಚಿಕ್ಕಪ್ಪ ಓದುವುದು ನಿಲ್ಲಿಸಿದರು. ಪುಸ್ತಕ ತರುವುದು ಮಾತ್ರ ನಿಲ್ಲಲಿಲ್ಲ, ತಂದು ಸುಮ್ಮನೆ ಮೂಲೆಯಲ್ಲಿ ಒಟ್ಟುತ್ತಿದ್ದರು. "ಒಬ್ನೇ ಓದಿದ್ರೆ ಗಂಟಲಲ್ಲಿ ಇಳಿಯಲ್ಲ ಮಗಳೇ" ಅಂದರು ಒಮ್ಮೆ. ಸಂಜೆಯಾದರೆ ನನಗೂ ಆ ಗೋಡೆಯ ಹತ್ತಿರ ಹೋಗಲು ಸಂಕಟ. ಆ ಧ್ವನಿಗಾಗಿ ಹಂಬಲಿಸಿದಷ್ಟು ನಾನು ಇನ್ನಾವುದಕ್ಕೂ ಹಂಬಲಿಸಿಲ್ಲ.

ಮೊನ್ನೆ ಔಷಧಿ ಅಂಗಡಿಯ ಬೀರು ಸರಿಮಾಡಲು ಹೋಗಿದ್ದರು. ಮೊದಲು ಬೀರುವಿಗೆ ಮರದ ತುಂಡಿನ ಒತ್ತು ಕೊಟ್ಟು, ಆಮೇಲೆ ಕಾಲಡಿಯದನ್ನು ಎಳೆಯಬೇಕು. ಕಸುಬಿನ ಮೊದಲ ಪಾಠ ಅದು. ಆದರೆ ಅಡಿಯಲ್ಲಿದ್ದದ್ದು ರಟ್ಟು ಹರಿದ ಪುಸ್ತಕ. ಇಣುಕುತ್ತಿದ್ದ ಮೊದಲ ಸಾಲು ಚಿಕ್ಕಪ್ಪನಿಗೆ ಬಾಯಿಪಾಠ, ಅದೇ ಹಡಗಿನ ಕಾದಂಬರಿ! ಸರಕ್ಕನೆ ಎಳೆದೇಬಿಟ್ಟರು. ಬೀರು ವಾಲಿತು, ಕೆಮ್ಮಿನ ಔಷಧಿಯ ಬಾಟಲಿಗಳೆಲ್ಲ ನೆಲಕ್ಕೆ.

"ಏನ್ರೀ ಡಾಕ್ಟ್ರೇ, ಪೇಷಂಟನ್ನೇ ಕೆಡವೋದಾ!" ಅಂಗಡಿಯವನು ಹರಿಹಾಯ್ದ.

ಚಿಕ್ಕಪ್ಪನಿಗೆ ಬೈಗುಳ ಕೇಳಿಸಿದ್ದರೆ ತಾನೇ? ಕೊನೆಯ ಹಾಳೆಗಳಿವೆಯೇ ಎಂದು ಬೆರಳಾಡಿಸಿ ನೋಡಿದರು. ಇದ್ದವು. ಓದಲಿಲ್ಲ. ಅವಳನ್ನು ಬಿಟ್ಟು ಹೇಗೆ ಓದುವುದು? ಗಾಜು ಗುಡಿಸಿ, ನೆಲ ಒರೆಸಿ, ಮನೆಗೆ ಓಡಿಬಂದರು.

ಆ ಸಂಜೆ ನಾನೂ ಹೋಗಿ ಕೂತೆ. ಚಿಕ್ಕಪ್ಪ ಪುಸ್ತಕ ತೋರಿಸಿ, ಅಂಗೈಯಲ್ಲಿ ಹಡಗು ತೇಲಿಸಿದರು. ಚಿಕ್ಕಮ್ಮನಿಗೆ ಥಟ್ಟನೆ ತಿಳಿಯಿತು. ಒದ್ದೆ ಕೈ ಒರೆಸಿಕೊಂಡು ಎದುರಿಗೆ ಬಂದು ಕೂತರು. ಕೇಳುವುದಿಲ್ಲವೆಂದು ಗೊತ್ತಿದ್ದೂ ಚಿಕ್ಕಪ್ಪ ಮೊದಲಿನಂತೆಯೇ ಗಟ್ಟಿಯಾಗಿ ಓದಿದರು. ಜನ ಇಳಿದರು, ಮೂಟೆಗಳು ಇಳಿದವು, ಏಣಿ ಎತ್ತಿದರು. ತಮ್ಮ ಇಳಿಯಲಿಲ್ಲ. ಅಕ್ಕ ಮನೆಗೆ ಹೋಗಿ ಅವನ ತಟ್ಟೆ ತೊಳೆದಿಟ್ಟಳು. ಕಥೆ ಮುಗಿಯಿತು.

ಚಿಕ್ಕಪ್ಪ ತಲೆಯೆತ್ತಿ ಬಾಯ್ತುಂಬ ನಕ್ಕು, "ಬಂದ, ಬಂದ" ಎಂದು ಜೋರಾಗಿ ತಲೆಯಾಡಿಸಿದರು. ಚಿಕ್ಕಮ್ಮ ಅವರ ಮುಖವನ್ನೇ ನೋಡಿದರು.

"ಬರ್ಲಿಲ್ಲ, ಅಲ್ವಾ?"

ಚಿಕ್ಕಪ್ಪನ ನಗು ನಿಂತಿತು. ನನಗೆ ಅಳು ಬಂತು, ತಡೆಯಲೂ ಇಲ್ಲ. ಚಿಕ್ಕಮ್ಮ ಕೈ ಚಾಚಿ, ಅವರ ತೊಡೆಯ ಮೇಲಿದ್ದ ಪುಸ್ತಕವನ್ನು ಮೊದಲ ಹಾಳೆಗೆ ತಿರುವಿದರು.

"ಹೋಗ್ಲಿ ಬಿಡಿ. ಮೊದಲಿಂದ ಓದಿ. ನಂಗೆ ಕೇಳ್ಸಲ್ಲ ಅಂತ ಮತ್ತೆ ನಿಲ್ಲಿಸ್ಬೇಡಿ. ನೀವು ಓದೋದನ್ನ ನೋಡಿ ಎರಡು ವರ್ಷ ಆಯ್ತು ಕಣ್ರೀ."