ಗೀಜಗನನ್ನು ನೋಡಿ ಕಟ್ಟಿದ ಮನೆ

ನಮ್ಮಣ್ಣ ಚೌಡಪ್ಪನಿಗೆ ಬುದ್ಧಿ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿತ್ತು. ಗುಬ್ಬಿಯಲ್ಲಿ ಮೋಟ್ರು ವೈಂಡಿಂಗ್ ಅಂಗಡಿ, ಕಡಬದಲ್ಲಿ ಅರ್ಧ ಕಟ್ಟಿದ ಸ್ವಂತ ಮನೆ, ವಯಸ್ಸು ಮೂವತ್ತೈದು. ಹೆಣ್ಣು ಮಾತ್ರ ಸಿಕ್ಕಿರಲಿಲ್ಲ.

ಮನೆ ಅರ್ಧಕ್ಕೆ ನಿಂತಿದ್ದಕ್ಕೆ ಕಾರಣ ಹಕ್ಕಿ. ನಮ್ಮ ಬಾವಿ ಮೇಲೆ ಬಾಗಿದ್ದ ಈಚಲು ಮರದಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಗಂಡು ಹಕ್ಕಿ ಅರ್ಧ ಗೂಡು ಕಟ್ಟಿ, ಅದರಲ್ಲಿ ಜೋತುಬಿದ್ದು ರೆಕ್ಕೆ ಬಡಿದು ಹೆಣ್ಣನ್ನು ಕೂಗುತ್ತೆ. ಹೆಣ್ಣು ಬಂದು ಕೂತು, ಎಳೆದು, ಕುಕ್ಕಿ ನೋಡುತ್ತೆ. ಒಪ್ಪಿದರೆ ಗಂಡು ಉಳಿದರ್ಧ ಕಟ್ಟುತ್ತೆ, ಇಲ್ಲದಿದ್ದರೆ ಆ ಗೂಡು ಬಿಟ್ಟು ಬೇರೆ ಶುರು ಮಾಡುತ್ತೆ. ಇದನ್ನು ನೋಡಿದ ಮಹಾರಾಯ, ಹೆಣ್ಣು ಬಂದು ಒಪ್ಪೋವರೆಗೂ ಲಿಂಟಲ್ ಮೇಲೆ ಒಂದು ಇಟ್ಟಿಗೆಯನ್ನೂ ಇಡಲ್ಲ ಅಂದುಬಿಟ್ಟ.

ನಮ್ಮಲ್ಲಿ ಗಂಡಿನ ಮನೆ ನೋಡೋಕೆ ಹಿರಿಯರಷ್ಟೇ ಬರೋದು. ಇವನಿಗೆ ಹುಡುಗಿಯೇ ಬರಬೇಕು, ಬಂದು ಗೋಡೆ ತಳ್ಳಿ ನೋಡಬೇಕು. ಬಂದೋರು ತಲೆ ಎತ್ತಿದರೆ ಆಕಾಶ. ಉಪ್ಪಿಟ್ಟು ತಿಂದು ಎದ್ದು ಹೋಗೋರು. ಒಬ್ಬಳು ಅಡುಗೆಮನೆ ಚಿಕ್ಕದು ಅಂದಿದ್ದಕ್ಕೆ ಪೂರ್ತಿ ಗೋಡೆಯನ್ನೇ ಕೆಡವಿ ಹಾಕಿದ! ಇರೋನೊಬ್ಬ ಅಣ್ಣ ಹಿಂಗೇ ಒಂಟಿಯಾಗಿ ಉಳಿದುಬಿಡ್ತಾನಲ್ಲ ಅಂತ ನನಗೆ ಅಳು ಬರುತ್ತಿತ್ತು.

ತೊಂಬತ್ತೆಂಟರಲ್ಲಿ ಮಾರ್ಕೋನಹಳ್ಳಿ ಕಡೆಯಿಂದ ಶಾಂತಲಾ ಬಂದಳು. ಸೆರಗು ಸಿಕ್ಕಿಸಿ ಒಂದೊಂದು ಗೋಡೆಗೂ ಭುಜ ಕೊಟ್ಟು ತಳ್ಳಿದಳು. ಅವರಪ್ಪ ನಾಚಿಕೆಯಿಂದ ಸೂರಿಲ್ಲದ ಸೂರು ನೋಡುತ್ತಾ ನಿಂತಿದ್ದರು. ಆಮೇಲೆ ಶಾಂತಲಾ ಬಾವಿ ಹತ್ರ ಹೋಗಿ ಬಹಳ ಹೊತ್ತು ಗೂಡುಗಳನ್ನು ನೋಡಿ ಬಂದು, ಮನೆ ಒಪ್ಪಿಗೆ ಅಂದಳು. ಅಣ್ಣನ ಮುಖ ಅರಳಿತು.

"ನಮ್ಮೂರಲ್ಲೂ ಗೀಜಗ ಅವೆ," ಅಂದಳು. "ಗೂಡು ಮುಗಿದು ಹೆಣ್ಣು ಮೊಟ್ಟೆ ಮೇಲೆ ಕೂತಮೇಲೆ ಗಂಡು ಏನ್ ಮಾಡ್ತದೆ?"

ಅಣ್ಣನಿಗೆ ಗೊತ್ತಿತ್ತು. ಗಂಡು ಪಕ್ಕದ ಗರಿಯಲ್ಲಿ ಇನ್ನೊಂದು ಗೂಡು ಶುರು ಮಾಡಿ, ಇನ್ನೊಂದು ಹೆಣ್ಣನ್ನು ಕೂಗುತ್ತೆ.

"ಹಂಗಾರೆ ಮನೆ ಪೂರ್ತಿ ಮುಗಿಸಬಾರದು. ಒಪ್ಪಿಗೇನಾ?"

ಅಣ್ಣ ಒಪ್ಪಿದ. ಯಡಿಯೂರಿನಲ್ಲಿ ಮದುವೆಯಾಯಿತು. ಸೂರು ಬಂತು, ಬಾಗಿಲು ಬಂತು, ಮಗಳು ತನುಶ್ರೀ ಹುಟ್ಟಿದಳು. ಹಿಂದಿನ ರೂಮು ಮಾತ್ರ ತಾರಸಿಯಿಲ್ಲದೆ ಹಾಗೇ ಉಳಿಯಿತು. ಮಳೆ ಬಂದರೆ ಗಂಡ ಹೆಂಡತಿ ಇಬ್ಬರೂ ನಗುತ್ತಾ ಬಕೆಟ್ಟಿನಲ್ಲಿ ನೀರು ಎತ್ತಿ ಹಾಕೋರು. ನೋಡಿದವರು ಇವರಿಗೆ ತಲೆ ಕೆಟ್ಟಿದೆ ಅನ್ನೋರು, ನಾನೂ ಅಂದಿದ್ದೀನಿ.

ಎರಡು ಸಾವಿರದ ಆರರಲ್ಲಿ ಅಣ್ಣ ಅದಕ್ಕೂ ತಾರಸಿ ಹಾಕಿಸೋಣ ಅಂತ ಲಗೇಜ್ ಆಟೋದಲ್ಲಿ ಸಿಮೆಂಟು ತಂದ. ಅತ್ತಿಗೆ ಹೊಸ್ತಿಲ ಮೇಲೆ ಬಂದು ನಿಂತರು.

"ಯಾರು ಬತ್ತಾವ್ರೆ ಮನೆ ನೋಡೋಕೆ?"

ಅಣ್ಣ ಒಂದು ಮೂಟೆಯನ್ನೂ ಇಳಿಸದೆ ಆಟೋ ವಾಪಸ್ ತಿರುಗಿಸಿದ.